ಬಾಯಿ ತಗೀರಿ, ಧೂಳಪ್ಪ ಕಾಕಾ

ಬೋರಗಾಂವದಲ್ಲಿ ಇನ್ನೂ ಮಬ್ಬುಗತ್ತಲು. ಮಗ್ಗಗಳ ಸದ್ದು ಶುರುವಾಗುವ ಮುನ್ನವೇ ಆಶಾ ಕಾರ್ಯಕರ್ತೆ ನೀಲಮ ದಿನಾ ಧೂಳಪ್ಪನವರ ಮನೆಯಲ್ಲಿ ಹಾಜರು. "ಕಾಕಾ, ಗುಳಿಗಿ ನುಂಗಿದ್ರಿ? ಬಾಯಿ ತಗೀರಿ. ನಾಲಿಗಿ ಎತ್ರಿ." ಬೆಳ್ಳಗಿದ್ದುದೆಲ್ಲ ಹಾಲೆಂದು ನಂಬುವ ಜಾಯಮಾನ ಈಕೆಯದಲ್ಲ. ಧೂಳಪ್ಪನವರ ಪುಣ್ಯ ಅದು.

ಕಿವಿಯೊಳಗೆ ಯಾರೋ ಬೈಯುವಂತೆ ಕೇಳಿಸುವ ಕಾಯಿಲೆಗೆ ಮಗ್ಗದ ಕೆಲಸಗಾರ ಧೂಳಪ್ಪ ಬಹಳ ವರ್ಷಗಳಿಂದ ಗುಳಿಗೆ ನುಂಗುತ್ತಿದ್ದಾರೆ. ಬೈಗುಳ ನಿಂತಿತು. ಆದರೆ ದವಡೆ ತಾನಾಗಿ ಮೆಲ್ಲತೊಡಗಿತು, ನಾಲಿಗೆ ಹೊರಳತೊಡಗಿತು. ಬೋರಗಾಂವ ಸೇರಿದ ನಿಪ್ಪಾಣಿ ತಾಲೂಕೆಂದರೆ ತಂಬಾಕಿನ ಸೀಮೆ; ಇಲ್ಲಿ ದವಡೆ ಅಲುಗಿದರೆ ಜನ ಬೇರೇನು ತಿಳಿದಾರು? ಹೆಂಡತಿ ಸುಂದ್ರವ್ವ ದಿನಾ ಕಿಸೆ ತಡಕಿದರು. ನೂಲಿನ ಮೇಲೆ ಉಗುಳುತ್ತಾನೆಂದು ಮಾಲೀಕ ಕೆಲಸ ಬಿಡಿಸಿದ.

ನೀಲಮ ಕೂಡ ಮೊದಲ ಸಲ ತಂಬಾಕಿನ ಕಳ್ಳನನ್ನು ಹಿಡಿಯಲೆಂದೇ ಬಾಯಿ ತೆಗೆಸಿದ್ದು. "ತಂಬಾಕ ಇಲ್ಲ, ಅಡಕಿ ಇಲ್ಲ. ನಾಲಿಗಿ ಮಾತ್ರ ತನ್ನಷ್ಟಕ್ಕ ತಾ ಹೊಳ್ಳಾಕತ್ತಿತ್ರಿ. ಆವಾಗ ನನಗ ಗುಳಿಗಿ ಮ್ಯಾಲೇ ಸಂಶಯ ಬಂತು."

ಚಿಕ್ಕೋಡಿಯ ಮನೋವೈದ್ಯರು ಹೌದೆಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಹಳೆಯ ಗುಳಿಗೆಯ ಪ್ರಮಾಣ ಇಳಿಸಿ, ಅಲುಗಾಟ ತಗ್ಗಿಸಲು ಇನ್ನೊಂದು ಬರೆದರು. ಹಳೆಯದನ್ನು ತಾವಾಗಿ ನಿಲ್ಲಿಸಕೂಡದೆಂದು ಎಚ್ಚರಿಸಿದರು.

ಸುಂದ್ರವ್ವ ನಂಬಬೇಕಲ್ಲ! "ಬಾಯಿ ಕೆಡಸಿದ್ದೂ ಗುಳಿಗಿ, ನೆಟ್ಟಗ ಮಾಡೂದೂ ಗುಳಿಗಿ? ನನ್ನೇನ ಸಣ್ಣ ಕೂಸು ಅಂತ ತಿಳದೀ?" ಎಂದು ನೀಲಮರನ್ನು ಗದರಿ, ಹಳೆಯದನ್ನು ಗುಟ್ಟಾಗಿ ಒಲೆಗೆ ಹಾಕಿದರು. ಸ್ವಲ್ಪ ದಿನದಲ್ಲೇ ಧೂಳಪ್ಪ ಬೈಗುಳ ಕೇಳಿಸುತ್ತಿದೆಯೆಂದು ಕಿಟಕಿಗೆ ಗೋಣಿಚೀಲ ಕಟ್ಟಿ ಕುಳಿತರು. ಹಳೆಯದು ಥಟ್ಟನೆ ನಿಂತದ್ದಕ್ಕೆ ದವಡೆಯ ಆಟವೂ ಹೆಚ್ಚಿತು. ನೀಲಮ ಯಾರನ್ನೂ ಕೇಳಲಿಲ್ಲ, ನೇರ ಒಲೆಯ ಬೂದಿ ಕೆದಕಿದರು. ಅರೆಸುಟ್ಟ ಗುಳಿಗೆಯ ಹಾಳೆ ಕಂಡು ಸುಂದ್ರವ್ವ ಅಳುತ್ತಾ ಕುಳಿತುಬಿಟ್ಟರು.

ಅಂದಿನಿಂದ ಎರಡೂ ಗುಳಿಗೆ ನೀಲಮರ ಕಣ್ಣೆದುರೇ ಗಂಟಲಿಗಿಳಿಯಬೇಕು. ಅನುಮಾನ ಅಲ್ಲಿಗೂ ಮುಗಿದಿಲ್ಲ. "ಹೊಸಾದು ಕೆಲವ್ರಿಗೆ ಮನಸ್ಸು ಕುಗ್ಗಸ್ತೈತಂತ. ಅದಕ್ಕ ಕಾಕಾ ನಕ್ಕರೂ, ಖರೇನ ನಕ್ಕರೋ ಇಲ್ಲೋ ಅಂತ ನೋಡತೀನ್ರಿ."

ಇಂದು ಸುಂದ್ರವ್ವ ಇಬ್ಬರಿಗೂ ಚಹಾ ಇಟ್ಟಿದ್ದಾರೆ. ಧೂಳಪ್ಪ ಎರಡೂ ಗುಳಿಗೆ ಬಾಯಿಗೆ ಹಾಕಿಕೊಂಡು ಬಶಿಯಲ್ಲಿ ಚಹಾ ಸುರಿದು ಕುಡಿಯುತ್ತಾರೆ. ಅಂಗಿಯ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ನಾಳೆ ಮಗ್ಗಕ್ಕೆ ಬಂದು ಕೆಲಸ ಮಾಡಿ ನೋಡೆಂದು ಮಾಲೀಕ ಹೇಳಿಕಳಿಸಿದ್ದಾನೆ. ಮನೆಯಲ್ಲಿ ಹಬ್ಬದಂಥ ಸಂಭ್ರಮ.

"'ಬಾಯಿ ತಗೀರಿ' ಅನ್ನದಂಗ ಒಂದಿನ ಈ ಮನೀ ದಾಟಬೇಕ್ರಿ," ಎನ್ನುತ್ತಾರೆ ನೀಲಮ. "ಅಷ್ಟ ನನ್ನ ಆಸೆ."

ಧೂಳಪ್ಪ ಬಶಿ ಕೆಳಗಿಟ್ಟು, ಯಾರೂ ಕೇಳದೆಯೇ ಬಾಯಿ ತೆರೆದು ನಾಲಿಗೆ ಎತ್ತುತ್ತಾರೆ.

ನೀಲಮ ಬಗ್ಗಿ ನೋಡಿಯೇ ನೋಡುತ್ತಾರೆ.