ಎಡಗಡೆ ಚಕ್ರದ ಕುಂಕುಮ

ಸಾಕಮ್ಮನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ನನ್ನ ಕೈಯಲ್ಲಿ. ಅವತ್ತು ಟ್ರೈಲರಿನ ಚಕ್ರ ಕಿತ್ತುಬಂದದ್ದು ನನ್ನಿಂದ, ಅವಳ ಅಣ್ಣ ಕುಂಟನಾದದ್ದು ನನ್ನಿಂದ — ಇಷ್ಟು ಹೇಳುವುದಕ್ಕೆ ನನಗೆ ಮುಪ್ಪು ಬರಬೇಕಾಯಿತು. ಥೂ, ನನ್ನ ಜನ್ಮಕ್ಕಿಷ್ಟು.

ಎಪ್ಪತ್ತರ ದಶಕದ ಮಾತು. ಮದ್ದೂರಿನಲ್ಲಿ, ಮಳವಳ್ಳಿ ರಸ್ತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇತ್ತು. ಕಬ್ಬಿನ ಗಾಡಿ, ಟ್ರಾಕ್ಟರು, ಟ್ರೈಲರು — ಎಲ್ಲ ನನ್ನ ಹತ್ತಿರವೇ ಬರುತ್ತಿದ್ದವು. 'ಪುಟ್ಸಾಮಿ ಕೈ ಇಟ್ಟ ಚಕ್ರ ತಿರುಗ್ತಾನೇ ಇರ್ತದೆ' ಎಂದು ಜನ ಹೇಳುತ್ತಿದ್ದರು, ನಾನು ಕೇಳಿ ಉಬ್ಬುತ್ತಿದ್ದೆ. ಬಾಡಿಗೆಗೆ ಬಿಡಲು ನನ್ನದೇ ಒಂದು ಎರಡು ಚಕ್ರದ ಟ್ರೈಲರೂ ಇತ್ತು.

ನಿಂಗಯ್ಯ ಬೆಳಕವಾಡಿ ಕಡೆಯವನು, ಕಾವೇರಿಯಲ್ಲಿ ಜನರನ್ನು ದಾಟಿಸುವ ಅಂಬಿಗ. ನನಗಿಂತ ಹಿರಿಯ, ನಾನು ನಿಂಗಣ್ಣ ಎನ್ನುತ್ತಿದ್ದೆ. ಅವನ ಹಳೆಯ ದೋಣಿ ತಳ ಕೊಳೆತು ಹೋಗಿತ್ತು. ಹೊಸದನ್ನು ಮದ್ದೂರಿನ ಬಡಗಿಯೊಬ್ಬನಿಗೆ ಹೇಳಿದ್ದ. ಹಬ್ಬ ಕಳೆದ ಮೇಲೆ ಒಯ್ಯುವುದೆಂದು ಮಾತಾಗಿತ್ತು. ಆದರೆ ಬಡಗಿ ಬೇಗ ಮುಗಿಸಿಬಿಟ್ಟ. ವಿಜಯದಶಮಿಯ ಬೆಳಿಗ್ಗೆಯೇ ದೋಣಿ ನೀರಿಗಿಳಿಯಬೇಕು ಎಂದು ನಿಂಗಣ್ಣನಿಗೆ ಆಸೆ ಹುಟ್ಟಿತು. ಆಯುಧಪೂಜೆಯ ಮಧ್ಯಾಹ್ನ ತಂಗಿ ಸಾಕಮ್ಮನನ್ನು ಕರೆದುಕೊಂಡು, ಪಕ್ಕದ ಬೀದಿಯವರ ಟ್ರಾಕ್ಟರನ್ನೂ ಒಪ್ಪಿಸಿಕೊಂಡು, ನನ್ನ ಟ್ರೈಲರು ಕೇಳಲು ಬಂದ.

ಆ ಟ್ರೈಲರಿನ ಎಡಗಡೆ ಹಬ್ಬಿನಲ್ಲಿ — ಗಾಡಿ ಚಕ್ರದ ನಡುವೆ ಗುಂಬ ಇದ್ದ ಹಾಗೆ ಇದಕ್ಕೆ ಹಬ್ಬು — ಗ್ರೀಸು ತುಂಬುವ ಬಾಯಿ, ನಿಪ್ಪಲ್ಲು, ಮುರಿದಿತ್ತು. ಅದು ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಗನ್ನು ಒತ್ತಿದರೆ ಗ್ರೀಸು ಒಳಗೆ ಹೋಗದೆ ಪಕ್ಕದಿಂದ ಹೊರಗೆ ಬರುತ್ತಿತ್ತು, ಒಳಗಿನ ಬೇರಿಂಗು ಒಣಗಿತ್ತು. ಹಬ್ಬ ಮುಗಿಯಲಿ, ನೋಡೋಣ ಎಂದು ಗನ್ನು ತೊಳೆದು ಪೂಜೆಗಿಟ್ಟುಬಿಟ್ಟಿದ್ದೆ.

ನಿಂಗಣ್ಣ ಬರುವ ಹೊತ್ತಿಗೆ ಪೂಜೆ ಆಗಿಹೋಗಿತ್ತು. ಸ್ಪ್ಯಾನರು, ಸುತ್ತಿಗೆ, ಗ್ರೀಸ್ ಗನ್ನು — ಎಲ್ಲ ಹಲಗೆಯ ಮೇಲೆ ಅರಿಸಿನ ಕುಂಕುಮ ಹಚ್ಚಿಕೊಂಡು, ಚೆಂಡುಹೂವು ಮುಡಿದುಕೊಂಡು ಕೂತಿದ್ದವು. ಮಾರನೇ ದಿನ ಪೂಜೆ ಕದಲಿಸುವವರೆಗೆ ಅವನ್ನು ಮುಟ್ಟುವ ಹಾಗಿಲ್ಲ. ಇದನ್ನು ನೆಪ ಮಾಡಿಕೊಳ್ಳಬಹುದಿತ್ತು. ಆದರೆ ನಮ್ಮವ್ವ ಅಲ್ಲೇ ಇದ್ದಳು, ಅಂದಳು: "ಒಂದ್ ಕರ್ಪೂರ ಅಚ್ಚಿ ತಪ್ಪಾಯ್ತು ಅಂದ್ಬುಟ್ಟು ಎತ್ಕೊಳ್ಲಾ. ದೇವ್ರೇನ್ ಕಣ್ ಕೀಳಲ್ಲ. ದೂರ ಓಗೋರು."

ಹೊಸ ನಿಪ್ಪಲ್ಲು ಡಬ್ಬಿಯಲ್ಲಿತ್ತು. ಹಳೆಯದನ್ನು ಬಿಚ್ಚಿ, ಹೊಸದನ್ನು ತಿರುಪಿ, ಗ್ರೀಸು ತುಂಬುವುದು — ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಆದರೆ ಒಳಗೆ ನೆಂಟರು ಬಂದಿದ್ದರು, ಎಲೆಗೆ ಒಬ್ಬಟ್ಟು ಬಡಿಸಿದ್ದರು, ನಾನು ಹೊಸ ಪಂಚೆ ಉಟ್ಟಿದ್ದೆ. ದೇವರ ಭಯ ಅಂದರೆ ಸುಳ್ಳಾದೀತು. ಸೋಮಾರಿತನ, ಅಷ್ಟೇ. ಬೇವಿನ ಕಡ್ಡಿಯೊಂದನ್ನು ಚೂಪು ಮಾಡಿ, ಮುರಿದ ಬಾಯಿಗಿಟ್ಟು ಕಲ್ಲಿನಲ್ಲಿ ಬಡಿದೆ. ಮೇಲೆ ಬೆರಳಿನಲ್ಲಿ ಒಂದಿಷ್ಟು ಗ್ರೀಸು ಸವರಿದೆ. ಥಳಥಳ ಎನ್ನುತ್ತಿತ್ತು.

"ಗ್ರೀಸ್ ಒಡ್ದೇನ್ಲಾ?" ಎಂದ ನಿಂಗಣ್ಣ.

"ಒಡ್ದಿವ್ನಿ, ಓಗಣ್ಣ. ಕಾಶೀಗ್ ಬೇಕಾದ್ರೂ ಓಯ್ತದೆ."

ಈ ಮಾತು... ನನ್ನ ಬಾಯಿಗೆ ಹುಳ ಬೀಳಲಿಲ್ಲವಲ್ಲ.

ಬಡಗಿಯ ಮನೆಯಿಂದ ದೋಣಿ ಏರಿಸಿಕೊಂಡು ಬಂದು ನನ್ನ ಅಂಗಡಿ ಮುಂದೆ ಹಗ್ಗ ಬಿಗಿದರು. ಆಗ ನಿಂಗಣ್ಣ ಕುಂಕುಮದ ಬಟ್ಟಲನ್ನು ತಂಗಿಯ ಕೈಗೆ ಕೊಟ್ಟ. ಸಾಕಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅಣ್ಣನ ಮನೆಯಲ್ಲೇ ಇದ್ದಳು. ಅವಳು ಹಿಂದೆ ಸರಿದಳು. "ಬ್ಯಾಡ ಕಣಣ್ಣ, ಅತ್ಗೆ ಬೈತಳೆ" ಎಂದಳು. "ಬೈಲಿ ಬುಡು. ಈ ದೋಣಿಗೆ ನನ್ನಷ್ಟೇ ನೀನೂ ಗೇದಿದ್ದೀಯ. ಇಕ್ಕವ್ವ ನೀನೇ" ಎಂದ ಅವನು. ದೋಣಿಯ ಮೂತಿಗೆ ಇಟ್ಟಳು. ಬಲಗಡೆ ಚಕ್ರಕ್ಕೆ ಇಟ್ಟಳು. ಆಮೇಲೆ ಎಡಗಡೆ ಚಕ್ರಕ್ಕೆ — ನಾನು ಕಡ್ಡಿ ಬಡಿದ ಹಬ್ಬಿನ ಮೇಲೆಯೇ — ನಗುತ್ತ ಇಟ್ಟಳು. ನಾನು ನೋಡುತ್ತ ನಿಂತಿದ್ದೆ. ಆಗಲಾದರೂ ತಡೆ ಅನ್ನಬಹುದಿತ್ತು.

ಮಳವಳ್ಳಿ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಬೇರಿಂಗು ಕಾದು ಹಿಡಿದುಕೊಂಡು, ಎಡಗಡೆ ಚಕ್ರ ಕಿತ್ತುಹೋಯಿತು. ದೋಣಿ ಜಾರಿ ರಸ್ತೆ ಬದಿಯ ಬಂಡೆಗೆ ಬಡಿದು ಸೀಳಿತು. ಅದರಲ್ಲಿ ಹಗ್ಗ ಹಿಡಿದು ಕೂತಿದ್ದ ನಿಂಗಣ್ಣನ ಕಾಲು ಕೆಳಗೆ ಸಿಕ್ಕಿಕೊಂಡಿತು. ಟ್ರಾಕ್ಟರಿನ ಮೇಲಿದ್ದ ಸಾಕಮ್ಮನಿಗೆ ಒಂದು ತರಚು ಗಾಯವೂ ಆಗಲಿಲ್ಲ. ಜನಕ್ಕೆ ಅದೂ ಒಂದು ಮಾತಾಯಿತು.

ಮಾರನೇ ದಿನ ನಾನೇ ಹೋಗಿ ಹಬ್ಬು ಬಿಚ್ಚಿದೆ. ಒಳಗೆ ಗ್ರೀಸಿನ ಪಸೆ ಇರಲಿಲ್ಲ. ಬೇವಿನ ಕಡ್ಡಿ ಸುಟ್ಟು ಕರಿಕಾಗಿತ್ತು. ಅದನ್ನು ಕಿತ್ತು ನಾಲೆಗೆ ಎಸೆದೆ. ಹಬ್ಬಿನ ಮೇಲಿನ ಕುಂಕುಮ ಮಾತ್ರ ಇನ್ನೂ ಅಂಟಿಕೊಂಡಿತ್ತು, ಸುತ್ತ ನಿಂತವರೆಲ್ಲ ಅದನ್ನೇ ನೋಡುತ್ತಿದ್ದರು. ನಾನು ಅದನ್ನು ಒರೆಸಲೂ ಇಲ್ಲ.

ಆಸ್ಪತ್ರೆಗೆ ಹೋದರೆ ನಿಂಗಣ್ಣ ಕೇಳಿದ, "ಏನಾಗಿತ್ಲಾ ಪುಟ್ಸಾಮಿ?" ಅವನ ಹೆಂಡತಿ ತಲೆಯ ಹತ್ತಿರ ಕೂತಿದ್ದಳು. ಸಾಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅಂಗಡಿಯ ಹೆಸರು ನೆನಪಾಯಿತು ನನಗೆ — ಪುಟ್ಸಾಮಿ ಕೈ ಇಟ್ಟ ಚಕ್ರ...

"ಏನಂತ ಯೋಳನಣ್ಣ. ಗ್ರಾಚಾರ" ಎಂದೆ.

"ಗ್ರಾಚಾರ ಅಲ್ಲ ಕಣಪ್ಪ" ಎಂದಳು ಅವನ ಹೆಂಡತಿ, ಬಾಗಿಲ ಕಡೆ ತಿರುಗಿ. "ಮುಂಡೆ ಕೈ ತಾಗಿದ್ ಚಕ್ರವೇ ಕಿತ್ಕೊಂಡ್ ಓಯ್ತಲ್ಲ, ಇನ್ನೇನ್ ಯೋಳದು." ನಿಂಗಣ್ಣ ಗೋಡೆ ಕಡೆಗೆ ಮುಖ ಮಾಡಿದ. ಸಾಕಮ್ಮ ನನ್ನನ್ನೇ ನೋಡಿದಳು — ಅಲ್ಲ ಅಂತ ಒಬ್ಬರಾದರೂ ಹೇಳುತ್ತಾರೇನೋ ಎಂದು. ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ.

ಟ್ರೈಲರಿಗೆ ಆಮೇಲೆ ಹೊಸ ಹಬ್ಬು ಹಾಕಿದೆ, ಹೊಸ ನಿಪ್ಪಲ್ಲೂ ಹಾಕಿದೆ. ಆ ಸಾಲಿನ ಕಬ್ಬೆಲ್ಲ ಅದೇ ಟ್ರೈಲರು ಹೊತ್ತಿತು. ನಿಂಗಣ್ಣ ಮಾತ್ರ ಮತ್ತೆ ಹುಟ್ಟು ಹಿಡಿಯಲಿಲ್ಲ. ಜನರನ್ನು ದಾಟಿಸುವ ಕಡವು ಬೇರೆಯವರ ಪಾಲಾಯಿತು. ಅವನು ತಂಗಿಯನ್ನು ಮನೆಯಿಂದ ಓಡಿಸಲಿಲ್ಲ, ಬೈಯಲೂ ಇಲ್ಲವಂತೆ. ಆದರೆ 'ಇಕ್ಕವ್ವ ನೀನೇ' ಎಂದು ಮತ್ತೆಂದೂ ಅನ್ನಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಮಳವಳ್ಳಿ ಸಂತೆಯಲ್ಲಿ ಅವಳನ್ನು ಕಂಡೆ. ಬದನೆಕಾಯಿ ಗುಡ್ಡೆಯ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಕೇಳುತ್ತಿದ್ದಳು: "ಬೋಣಿ ಆಗೈತೇನಣ್ಣ?" ಇಲ್ಲ, ನೀನೇ ಮಾಡವ್ವ ಎಂದ ಅವನು. ಅವಳು ಮುಂದಿನವನ ಹತ್ತಿರ ಹೋದಳು. ಅಲ್ಲೂ ಅದೇ ಕೇಳಿದಳು. ತನ್ನ ಕೈಯಿಂದ ಮೊದಲ ವ್ಯಾಪಾರವಾದರೆ ಆ ಬಡವನ ದಿನ ಹಾಳಾಗುತ್ತದೆ ಎಂದು! ಯಾರೋ ಅಂದದ್ದನ್ನು ಅವಳೇ ನಂಬಿಬಿಟ್ಟಿದ್ದಳು. ಆಗಲೂ ನಾನು ಬಾಯಿ ಬಿಡದೆ ಬಸ್ಸು ಹತ್ತಿದೆ.

ನಿಂಗಣ್ಣ ತೀರಿಕೊಂಡ ಮೇಲೆ ಬೆಳಕವಾಡಿಗೆ ಹೋದೆ ನಾನು. ಉಗಿಯುವವನು ಇನ್ನಿಲ್ಲ ಎಂದಾದ ಮೇಲೆ ಧೈರ್ಯ ಬಂತು. ಸಾಕಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಎಲ್ಲ ಹೇಳಿದೆ — ನಿಪ್ಪಲ್ಲು, ಬೇವಿನ ಕಡ್ಡಿ, ಒಬ್ಬಟ್ಟು, ನನ್ನ ಸುಳ್ಳು. ಅವಳು ನಡುವೆ ಒಂದೇ ಮಾತು ಕೇಳಿದಳು.

"ನಾನ್ ಕುಂಕುಮ ಇಕ್ದಾಗ್ಲೇ ಅದು ಕೆಟ್ಟಿತ್ತಾ?"

"ಅದ್ಕೂ ಮುಂಚೇನೇ ಕೆಟ್ಟಿತ್ತು ಕಣವ್ವ."

ಅವಳು ಮೊರ ಕೆಳಗಿಟ್ಟು ಎರಡೂ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ, ನನಗೆ ಹೇಳುತ್ತಿರುವ ಹಾಗೇನೂ ಅಲ್ಲದೆ, ಹೇಳಿದಳು:

"ನಮ್ಮಣ್ಣ ಸಾಯಾಗ ನೀರ್ ಕೇಳ್ತು. ಚೊಂಬು ನನ್ ಮಗ್ಗುಲಲ್ಲೇ ಇತ್ತು. ನನ್ ಕೈ ಬ್ಯಾಡ ಅಂತ ಅತ್ಗೇನ ಕೂಗ್ದೆ. ಅವ್ಳು ಇತ್ತಿಲಿಂದ ಓಡ್ ಬರಾಗಂಟ... ಅಷ್ಟ್ರಲ್ಲಿ ಜೀವ ಓಯ್ತು."

ಅವಳು ಬೈಯಲಿಲ್ಲ, ಅಳಲಿಲ್ಲ. "ನಂಗೊಬ್ಳಿಗೇ ಯೋಳಿದ್ರೆ ಏನ್ ಬಂತು ಪುಟ್ಸಾಮಣ್ಣ. ಅಂದೋರು ಊರೆಲ್ಲ. ಊರ್ಗ್ ಯೋಳು" ಎಂದಳು. ಅದಕ್ಕೇ ಇದನ್ನು ಬರೆದಿದ್ದೇನೆ. ಬೆಳಕವಾಡಿಗೂ ಮತ್ತೆ ಹೋಗುತ್ತೇನೆ, ಅವತ್ತು ಮನೆಯಲ್ಲಿರದ ಅವಳ ಅತ್ತಿಗೆಯ ಮುಂದೆ ನಿಂತು ಇದೇ ಮಾತು ಹೇಳುತ್ತೇನೆ. ಉಗಿದರೆ ಉಗಿಸಿಕೊಳ್ಳುತ್ತೇನೆ.

ಅವತ್ತು ಹೊರಡುವಾಗ ಬಿಸಿಲಿಗೆ ಗಂಟಲು ಒಣಗಿತ್ತು. ಬಾಗಿಲ ಪಕ್ಕದಲ್ಲೇ ಗಡಿಗೆ ಇತ್ತು. ಸಾಕವ್ವ, ನಿನ್ನ ಕೈಯಾರೆ ಒಂದು ಲೋಟ ನೀರು ಕೊಡು ಎಂದು ಕೇಳಬೇಕೆನ್ನಿಸಿತು. ಅವಳ ಅಣ್ಣನಿಗೆ ಸಿಗದ ನೀರನ್ನು ನಾನು ಯಾವ ಬಾಯಲ್ಲಿ ಕೇಳಲಿ? ಹಾಗೇ ಬಂದುಬಿಟ್ಟೆ.