ಕುದುರೆಯ ಮುಖ, ಮೇಸ್ತ್ರಿಯ ಮೀಸೆ

ಕಂಪ್ಯೂಟರ್ ಪರದೆಯ ಎಡಮೂಲೆಯಲ್ಲಿ ತೆಪ್ಪಗೆ ಕೂತಿದ್ದ ಗುಂಡಿಯನ್ನು ನಡುವಿಗೆ ಎಳೆದು ತಂದವರು ಯಾರು ಅಂತ ಕಿಡಿ ಮೇಸ್ತ್ರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೆ ಬಿಡುವ ಪೈಕಿಯೂ ಅಲ್ಲ. ಆ ಪುಣ್ಯಾತ್ಮ ಯಾವ ದೇಶದಲ್ಲೇ ಇರಲಿ, ಹೋಗಿ ಅವನ ಮನೆಯ ಮುಂಬಾಗಿಲು ಕಿತ್ತು ಪಕ್ಕದ ಗೋಡೆಗೆ ಕೂರಿಸಿ, ಬೆಳಿಗ್ಗೆ ಎದ್ದವನು ಗೋಡೆಗೆ ಮೂಗು ಜಜ್ಜಿಕೊಳ್ಳುವುದನ್ನು ಕಣ್ಣಾರೆ ನೋಡಿ ಬರಬೇಕು ಅನ್ನುವುದು ಅವನ ಆಸೆ. ಬಾಗಿಲು ಕೂರಿಸುವುದೇ ಅವನ ಕಸುಬು, ಹಾಗಾಗಿ ಇದನ್ನು ಬರೀ ಬಾಯಿಮಾತು ಅನ್ನುವಂತೆಯೂ ಇಲ್ಲ.

ಊರಿನ ಹೊರರಸ್ತೆಯಲ್ಲಿ, ಟಯರ್ ಅಂಗಡಿಗೂ ಲಾರಿ ತೊಳೆಯುವ ಜಾಗಕ್ಕೂ ನಡುವೆ, ಕಬ್ಬಿಣದ ಗೇಟು, ಕಿಟಕಿ ಸರಳು, ಮೆಟ್ಟಿಲ ರೇಲಿಂಗು ಮಾಡುವ ಶೆಡ್ಡು ಅವನದು. ಅವನದು ಅಂದರೆ ಅರ್ಧ ಅವನದು, ಇನ್ನರ್ಧ ಹೆಂಡತಿಯ ತಮ್ಮನದು. ಶೆಡ್ಡಿನ ತಲೆಯ ಮೇಲೇ ಮನೆ. ಕಿಡಿ ಅನ್ನುವ ಹೆಸರು ವೆಲ್ಡಿಂಗಿನಿಂದ ಬಂತು ಅಂತ ಅವನು ಹೇಳುತ್ತಾನೆ. ಹೆಂಡತಿಯನ್ನು ಕೇಳಿದರೆ ಬೇರೆಯೇ ಕಥೆ ಹೇಳುತ್ತಾಳೆ. ಐದನೇ ಕ್ಲಾಸಿನ ತನಕ ಮೇಷ್ಟ್ರು ಅವನನ್ನು ಸಹಿಸಿಕೊಂಡರು, ಆಮೇಲೆ ಅವನು ಮೇಷ್ಟ್ರನ್ನು ಸಹಿಸಿಕೊಳ್ಳಲಿಲ್ಲ. ಅಲ್ಲಿಗೆ ಅವನ ಓದು ಮುಗಿಯಿತು.

ಇಂಥವನು ಕಂಪ್ಯೂಟರಿನ ಮುಂದೆ ಬಂದು ಕೂತದ್ದು ಕಣ್ಣಿನ ದೆಸೆಯಿಂದ. ವರ್ಷಗಟ್ಟಲೆ ಬೆಂಕಿ ನೋಡಿದ ಕಣ್ಣು ನೀರು ಸುರಿಸಲು ಶುರು ಮಾಡಿತು. ಅದೇ ಹೊತ್ತಿಗೆ ಬಾಮೈದ ತಗಡು ಕತ್ತರಿಸುವ ಹೊಸ ಮಷೀನು ತಂದು ಹಾಕಿದ. ಕಂಪ್ಯೂಟರಿನಲ್ಲಿ ಗೆರೆ ಹಾಕಿಕೊಟ್ಟರೆ ಸಾಕು, ಉದ್ದನೆಯ ಮೇಜಿನ ಮೇಲೆ ಮಲಗಿಸಿದ ತಗಡಿನ ಮೇಲೆ ಬೆಂಕಿಯ ಮೊನೆ ತಾನೇ ಅದೇ ಗೆರೆಯ ಮೇಲೆ ನಡೆದು ಹೂವು, ಬಳ್ಳಿ, ಹಕ್ಕಿ ಎಲ್ಲ ಕತ್ತರಿಸುತ್ತಿತ್ತು. ಅದರ ಮುಂದೆ ಗಾಜಿನ ಗೂಡು, ಗೂಡಿನಲ್ಲಿ ಫ್ಯಾನು, ಫ್ಯಾನಿನ ಕೆಳಗೆ ಚಕ್ರದ ಕುರ್ಚಿ. ಆ ಕುರ್ಚಿಯಲ್ಲಿ ಕೂತ ದಿನ ಕಿಡಿ ಮೇಸ್ತ್ರಿ ಸುಮ್ಮನೆ ಒಂದು ಸುತ್ತು ತಿರುಗಿ ನೋಡಿದ್ದ. ಯಾರೂ ನೋಡಲಿಲ್ಲ ಅಂದುಕೊಂಡು ಇನ್ನೊಂದು ಸುತ್ತು ತಿರುಗಿದ್ದ.

ಕೆಲಸ ಕಲಿತದ್ದೂ ತನ್ನದೇ ದಾರಿಯಲ್ಲಿ. ಓದುವ ಗೊಡವೆಗೆ ಹೋಗಲಿಲ್ಲ, ಜಾಗ ಗುರುತು ಇಟ್ಟುಕೊಂಡ. ಕರೆಂಟ್ ವೈರಿಗೆ ಸುತ್ತುವ ಬಣ್ಣದ ಟೇಪನ್ನು ಚೂರು ಮಾಡಿ ಪರದೆಯ ಚೌಕಟ್ಟಿಗೆ ಅಂಟಿಸಿದ. ಎಡಗಡೆ ಕೆಳಮೂಲೆಗೆ ಕೆಂಪು, ಅಲ್ಲಿ ಒತ್ತಿದರೆ ಎಲ್ಲಕ್ಕೂ ಬಾಗಿಲು ತೆರೆಯುತ್ತಿತ್ತು. ಅದರ ಪಕ್ಕ ಹಳದಿ, ಅಲ್ಲಿ ಡಿಸೈನುಗಳ ಗಂಟು. ಆಚೆಗೆ ಹಸಿರು, ಒತ್ತಿದರೆ ಮಷೀನು ಹೊರಟಿತು. ಗಂಟು ಬಿಚ್ಚಿದರೆ ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ನಿಲ್ಲುತ್ತಿದ್ದವು, ಯಾವ ಗೇಟು ಯಾವ ಸಾಲಿನಲ್ಲಿ ಅನ್ನುವುದು ಅವನ ಕೈಗೆ ಬಾಯಿಪಾಠ.

ಹೆಸರಿನ ಉಸಾಬರಿಯೇ ಇರಲಿಲ್ಲ. ಒಂದೊಂದು ಡಿಸೈನು ಮುಗಿದಾಗಲೂ ಕಂಪ್ಯೂಟರು ಸಣ್ಣ ಡಬ್ಬಿ ತೆರೆದು ಇದಕ್ಕೆ ಏನು ಹೆಸರಿಡಲಿ ಅಂತ ಕೇಳುತ್ತಿತ್ತು. "ಹೆಸರಿಡೋಕೆ ಇದೇನು ಮಗೂನಾ?" ಅಂತ ಗದರಿ, ಆ ಹೊತ್ತಿಗೆ ತಲೆಯಲ್ಲಿ ಏನು ಕೊರೆಯುತ್ತಿತ್ತೋ ಅದನ್ನೇ ಬಡಿದು ಮುಂದಕ್ಕೆ ಹೋಗುತ್ತಿದ್ದ. ಹಾಗಾಗಿ ವಕೀಲರ ಬಾಲ್ಕನಿಯ ಹೆಸರು 'ಸೊಳ್ಳೆ'. ಬೇಕರಿಯವನ ಬಾಗಿಲು 'ಕರೆಂಟ್ ಹೋಯ್ತು'. ನಾಲ್ಕಾರು ಕಿಟಕಿಗಳು ಸಾಲಾಗಿ 'ಹಸಿವು'.

ಹೀಗಿರುವಾಗ ಕಂಪ್ಯೂಟರಿಗೆ ಹೊಸ ಬಟ್ಟೆ ಹಾಕಿಕೊಳ್ಳುವ ಹಂಬಲ ಹತ್ತಿತು. ಆಗಾಗ ಒಂದು ಚೀಟಿ ಎದ್ದು ಬಂದು, ಹೊಸ ರೂಪ ಬಂದಿದೆ, ಈಗಲೇ ಹಾಕಲೋ ಆಮೇಲೆ ಹಾಕಲೋ ಅಂತ ಕೇಳುತ್ತಿತ್ತು. ಮೇಸ್ತ್ರಿ ಪ್ರತಿ ಸಲವೂ ಆಮೇಲೆ ಅನ್ನುವ ಕಡೆ ಒತ್ತಿ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಬಣ್ಣದ ಅಂಗಡಿಯವನ ಜೊತೆ ಫೋನಿನಲ್ಲಿ ಜಗಳ ಆಡುತ್ತಿದ್ದಾಗ ಚೀಟಿ ಮತ್ತೆ ಎದ್ದಿತು. "ನಿಮ್ಮಂಥೋರನ್ನ ಎಷ್ಟು ಜನ ನೋಡಿಲ್ಲ ನಾನು!" ಅಂತ ಅಂಗಡಿಯವನಿಗೆ ಕೂಗುತ್ತ ಕೈಯನ್ನು ಬಡಿದದ್ದು ಈಗಲೇ ಅನ್ನುವುದರ ಮೇಲೆ. ಊಟ ಮುಗಿಸಿ ಬಾಯಿ ಒರೆಸಿಕೊಂಡು ಕೆಳಗಿಳಿದರೆ ಪರದೆಯ ಮೇಲೆ ಬೇರೆ ಯಾರದೋ ಮನೆ.

ಕೆಂಪು ಟೇಪಿನ ಪಕ್ಕ ಒತ್ತಿದ. ಬಾಗಿಲು ತೆರೆಯಲಿಲ್ಲ, ಹವಾಮಾನ ಬಂತು. ಅರ್ಧ ಮೋಡ. ಮುಚ್ಚಿ ಮತ್ತೆ ಒತ್ತಿದ. ಮತ್ತೆ ಅರ್ಧ ಮೋಡ, ಜೊತೆಗೆ ಯಾರೋ ಆಟಗಾರನ ಮದುವೆ ಮುರಿದ ಸುದ್ದಿ. ಹಳದಿ, ಹಸಿರುಗಳ ಹತ್ತಿರ ಬರೀ ಬಯಲು. ಗುಂಡಿಗಳೆಲ್ಲ ಪಂಚಾಯಿತಿಗೆ ಸೇರಿದವರಂತೆ ನಡುವೆ ಗುಂಪು ಕೂಡಿದ್ದವು. ಸರಿ, ಎಲ್ಲಿ ಹೋಗ್ತೀರಿ ಅಂತ ಟೇಪು ಕಿತ್ತು ನಡುವಿಗೆ ಅಂಟಿಸಿದ. ಪರದೆಯ ಮೇಲೆ ಒಂದೆರಡು ಕಿಟಕಿ ತೆರೆಯುವಷ್ಟರಲ್ಲಿ ಗುಂಡಿಗಳ ಗುಂಪು ಎಡಕ್ಕೆ ಸರಿಯಿತು. ಅವನು ಟೇಪು ಸರಿಸಿದ. ಕಿಟಕಿ ಮುಚ್ಚಿದ ತಕ್ಷಣ ಗುಂಪು ವಾಪಸ್ ಬಂತು.

"ಏಯ್, ಬಾರೋ ಇಲ್ಲಿ! ಇದು ನಡೀತಾ ಇದೆ ಕಣೋ!"

ಬಾಮೈದ ಬಂದು ನೋಡಿದ. ಅವನ ಎದುರಿಗೆ ಗುಂಡಿಗಳು ಒಂದಿಷ್ಟೂ ಮಿಸುಕಲಿಲ್ಲ.

"ಭಾವ, ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀರಾ?"

"ನನಗೇನು ಹುಚ್ಚಾ? ನಡೀತು ಅಂದ್ರೆ ನಡೀತು!"

"ಆಯ್ತು, ನಡೀಲಿ ಬಿಡಿ. ಕುದುರೆ ಮುಖ ಕತ್ತರಿಸಿ ಮೊದಲು."

ಕುದುರೆಯೇ ದೊಡ್ಡ ತಲೆನೋವು. ದನದ ಡಾಕ್ಟರಮ್ಮ ಹೊಸ ಆಸ್ಪತ್ರೆ ಕಟ್ಟಿಸಿ, ಎರಡು ಕದದ ದೊಡ್ಡ ಗೇಟು ಹೇಳಿದ್ದರು. ಗೇಟಿನ ತುಂಬ ಓಡುವ ಕುದುರೆ, ಕದ ಮುಚ್ಚಿದಾಗ ಎರಡು ಅರ್ಧ ಸೇರಿ ಇಡೀ ಆಗಬೇಕು. ಗೆರೆಗಳನ್ನು ಮೇಸ್ತ್ರಿಯೇ ದಿನಗಟ್ಟಲೆ ಕೂತು ತಿದ್ದಿ ತಿದ್ದಿ ಹಾಕಿದ್ದ. ಕಂಪ್ಯೂಟರು ವೇಷ ಬದಲಿಸುವ ಮುಂಚೆ ಕತ್ತರಿಸಿ ಮುಗಿದದ್ದು ಒಂದೇ ಕದ, ಅದೂ ಹಿಂದಿನದು. ಬಾಲ, ಪೃಷ್ಠ, ಹಿಂಗಾಲು ಎಲ್ಲ ಭರ್ಜರಿಯಾಗಿ ಬಂದು, ರಸ್ತೆಗೆ ಕಾಣುವ ಹಾಗೆ ಶೆಡ್ಡಿನ ಗೋಡೆಗೆ ಒರಗಿ ನಿಂತಿತ್ತು. ಮುಖ ಕಂಪ್ಯೂಟರಿನ ಹೊಟ್ಟೆಯೊಳಗೆ.

ಟಯರ್ ಅಂಗಡಿಯವನು ಬಂದು ಹೋಗುವಾಗಲೆಲ್ಲ ನಿಂತು ಕೈ ಮುಗಿಯತೊಡಗಿದ. "ಏನ್ ಮೇಸ್ತ್ರಿ, ಕುದುರೆ ನಮ್ಮ ಮೇಲೆ ಮುನಿಸ್ಕೊಂಡಿದ್ಯಾ? ಬೆನ್ನು ಹಾಕಿ ನಿಂತಿದೆ!" ಡಾಕ್ಟರಮ್ಮ ಒಂದು ದಿನ ಗಾಡಿ ನಿಲ್ಲಿಸಿ ಇಳಿದು, ಸೊಂಟಕ್ಕೆ ಕೈ ಇಟ್ಟು ಬಹಳ ಹೊತ್ತು ನೋಡಿದರು. "ಮೇಸ್ತ್ರಿಗಳೇ, ನನ್ನ ಕೆಲಸದಲ್ಲಿ ಹಿಂದಿನಿಂದ ನೋಡಿರೋ ಪ್ರಾಣಿಗಳೇ ಜಾಸ್ತಿ. ಆದ್ರೆ ಎಲ್ಲದಕ್ಕೂ ಮುಂದೆ ಒಂದು ಮುಖ ಅಂತ ಇರ್ತಿತ್ತು."

"ಇದೆ ಡಾಕ್ಟರಮ್ಮ, ಒಳಗಿದೆ."

"ಒಳಗಿಂದ ಹೊರಗೆ ಯಾವಾಗ ಬರುತ್ತೆ? ನಾಡಿದ್ದು ಆಸ್ಪತ್ರೆ ಶುರು. ಆಗಲ್ಲ ಅಂದ್ರೆ ಹೇಳಿ, ಇದನ್ನ ಗುಜರಿಗೆ ಹಾಕಿ, ಬೇರೆ ಕಡೆ ಸಾದಾ ಗೇಟು ಮಾಡಿಸ್ತೀನಿ."

ಅವರು ಹೋದ ಮೇಲೆ ಬಾಮೈದ ಗಾಜಿನ ಗೂಡಿನ ಬಾಗಿಲಿಗೆ ಬಂದು ನಿಂತ. ದನಿ ಎತ್ತರಿಸುವವನಲ್ಲ ಅವನು, ಅದೇ ಮೇಸ್ತ್ರಿಗೆ ಇನ್ನೂ ಉರಿ. "ಭಾವ, ತಪ್ಪು ತಿಳ್ಕೋಬೇಡಿ. ಕೋರ್ಸ್ ಮಾಡಿರೋ ಆಪರೇಟರ್ ಒಬ್ಬನಿಗೆ ಹೇಳಿಟ್ಟಿದೀನಿ. ನಾಳೆ ಸಂಜೆ ಒಳಗೆ ಮುಖ ಸಿಗಲಿಲ್ಲ ಅಂದ್ರೆ ಅವನು ಬಂದು ಕೂರ್ಲಿ. ನೀವು ಹೊರಗೆ ಗ್ರೈಂಡಿಂಗ್ ನೋಡ್ಕೊಳ್ಳಿ."

ಹೊರಗೆ. ಅಂದರೆ ಬಿಸಿಲು, ಧೂಳು, ಮತ್ತೆ ಆ ಬೆಂಕಿ, ಮತ್ತೆ ಸುರಿಯುವ ಕಣ್ಣು. ಚಕ್ರದ ಕುರ್ಚಿಯಲ್ಲಿ ಇನ್ಯಾರೋ ಒಂದು ಸುತ್ತು ತಿರುಗುವುದು ಮೇಸ್ತ್ರಿಯ ಕಣ್ಣಿಗೆ ಕಟ್ಟಿತು. ಹೆದರಿಕೆಯಾದರೆ ಹೆದರಿಕೆ ಅಂತ ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ, ಅದನ್ನು ಕೂಡಲೇ ಸಿಟ್ಟು ಮಾಡಿಕೊಂಡುಬಿಡುತ್ತಾನೆ.

"ಇಡೀ ಗಂಟು ಜಾಲಾಡಿದೀನಿ! ಹೊಸ ವೇಷ ಹಾಕೋವಾಗ ಕುದುರೆ ಮುಖ ನುಂಗಿದೆ ಇದು. ಆ ಮುಖ ಇದರೊಳಗೆ ಇದ್ದು ಯಾರಾದ್ರೂ ತೆಗೆದು ತೋರಿಸಿದ್ರೆ ಮೀಸೆ ಬೋಳಿಸ್ತೀನಿ! ತಿಳೀತಾ? ಎರಡೂ ಕಡೆ!"

ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದುಕೊಂಡು ಅವನ ಅತ್ತೆ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೇ ಬಂದವರು. ಮಾತು ಕಡಿಮೆ, ಕಿವಿ ಜಾಸ್ತಿ. ಲೋಟವನ್ನು ಮೇಜಿನ ಮೇಲಿಟ್ಟು, ಅಳಿಯನ ಮೀಸೆಯನ್ನು ಒಮ್ಮೆ ನೋಡಿ, ಸುಮ್ಮನೆ ಮೇಲೆ ಹೋದರು.

ಗಂಟು ಜಾಲಾಡಿದ್ದು ಸುಳ್ಳೇನಲ್ಲ. ಬಹಳ ಒದ್ದಾಡಿದ ಮೇಲೆ ಅದು ಸಿಕ್ಕಿತ್ತು. ಆದರೆ ಬಿಚ್ಚಿದರೆ ಚಿತ್ರಗಳೇ ಇಲ್ಲ, ಸಾಲುಗಳೂ ಇಲ್ಲ, ಬರೀ ಹೆಸರುಗಳು, ಹಾಜರಿ ಕರೆಯಲು ನಿಲ್ಲಿಸಿದ ಹಾಗೆ. ಸೊಳ್ಳೆ. ಹಸಿವು. ಕರೆಂಟ್ ಹೋಯ್ತು. ಯಾವನಿಗೆ ಬೇಕಿತ್ತು ಈ ಹೆಸರುಗಳು, ಇಟ್ಟವನ ಕೈ ಮುರಿಯ ಅಂತ ಬೈದು, ಇಟ್ಟವನು ಯಾರು ಅಂತ ನೆನಪಾಗಿ ಬೈಗುಳವನ್ನು ಅರ್ಧಕ್ಕೇ ನುಂಗಿದ. 'ಕುದುರೆ' ಅಂತ ಹುಡುಕಿದ, ಇಲ್ಲ. 'ಗೇಟು' ಇಲ್ಲ. 'ಡಾಕ್ಟರಮ್ಮ' ಇಲ್ಲ. ಒಂದೊಂದಾಗಿ ತೆರೆಯಲು ಹೋದರೆ ಒಂದೊಂದಕ್ಕೂ ಯುಗ. ಗೊತ್ತಿರುವ ಹೆಸರುಗಳನ್ನು ದಾಟಿ ಮುಂದೆ ಹೋದ. 'ಅತ್ತೆ' ಅಂತ ಒಂದಿತ್ತು, ಅದು ಅತ್ತೆಯ ಕೋಣೆಯ ಕಿಟಕಿ ಸರಳು ಇರಬೇಕು ಅಂತ ಅದನ್ನೂ ದಾಟಿದ.

ಮಾರನೇ ದಿನ ಮಧ್ಯಾಹ್ನ ಗೂಡಿನ ಪಕ್ಕದ ಬೆಂಚಿನ ಮೇಲೆ ಅಡ್ಡಾದ. ಸಂಜೆಗೆ ಕುರ್ಚಿ ಹೋಗುವವನಿಗೆ ನಿದ್ದೆ ಎಲ್ಲಿಂದ ಬರಬೇಕು ಅಂದುಕೊಳ್ಳುತ್ತಲೇ ಗೊರಕೆ ಹೊಡೆದ. ಎಚ್ಚರವಾದದ್ದು ಟಿಕ್ ಟಿಕ್ ಸದ್ದಿಗೆ. ಗಾಜಿನೊಳಗೆ, ಫ್ಯಾನಿನ ಕೆಳಗೆ, ಚಕ್ರದ ಕುರ್ಚಿಯಲ್ಲಿ ಅತ್ತೆ. ಪರದೆಯ ಮೇಲೆ ಇಸ್ಪೀಟು.

"ಇದೇನು ಅತ್ತೆ?"

"ಎದ್ರಾ ಅಳಿಯಂದ್ರೇ? ಇನ್ನೊಂದು ರಾಣಿ ಇಳಿದ್ರೆ ಮುಗೀತು, ತಾಳಿ."

"ಯಾವಾಗಿಂದ ಇದು?"

"ನಿಮ್ಮ ಮಧ್ಯಾಹ್ನದ ನಿದ್ದೆ ಯಾವಾಗಿಂದ್ಲೋ ಅವಾಗಿಂದ."

"ಈ ಹೊಸ ವೇಷದಲ್ಲಿ ಇಸ್ಪೀಟು ಹೆಂಗೆ ಸಿಕ್ತು ನಿಮಗೆ? ನನಗೆ ಬರೀ ಮೋಡ ಬರ್ತಿದೆ!"

"ಜಾಗ ಯಾಕೆ ನೋಡ್ತೀರಿ? ಮನೆ ಬದಲಾಯಿಸಿದ್ರೂ ಮನೆಯವರ ಮುಖ ಅದೇ ಅಲ್ವಾ? ಎಲೆ ಚಿತ್ರ ಎಲ್ಲಿ ಹೋಗಿ ಕೂತಿದೆ ಅಂತ ಹುಡುಕಿದೆ, ಕೂತಿತ್ತು." ರಾಣಿ ಇಳಿದಳು. ಅತ್ತೆ ತೃಪ್ತಿಯಿಂದ ಕನ್ನಡಕ ಮೇಲೇರಿಸಿದರು. "ಎಲ್ಲಿ, ನಿಮ್ಮ ಗಂಟು ತೆಗೀರಿ."

ಮೇಸ್ತ್ರಿ ಮುಖ ಗಂಟಿಕ್ಕಿಕೊಂಡೇ ತೆಗೆದ. ಹೆಸರುಗಳ ಪಟ್ಟಿ ಬಿಚ್ಚಿಕೊಂಡಿತು. ಅತ್ತೆ ಮೇಲುಗಡೆ ಇದ್ದ ಒಂದು ಗುರುತನ್ನು ಒತ್ತಿದರು, ಅದರೊಳಗೆ ಇನ್ನೊಂದನ್ನು ಒತ್ತಿದರು. ಹೆಸರುಗಳ ಜಾಗದಲ್ಲಿ ಚಿತ್ರಗಳು ಬಂದು ನಿಂತವು, ಮೊದಲಿಗಿಂತಲೂ ದೊಡ್ಡದಾಗಿ. ವಕೀಲರ ಬಾಲ್ಕನಿ, ಬೇಕರಿ ಬಾಗಿಲು, ಕಿಟಕಿಗಳು. ಅತ್ತೆಯ ಬೆರಳು ಸರಕ್ಕನೆ ನಿಂತಿತು.

ಉದ್ದನೆಯ ಮುಖ, ಅರಳಿದ ಮೂಗು, ಹಾರುವ ಜೂಲು. ಮೇಸ್ತ್ರಿ ಗೆರೆ ಗೆರೆಯಾಗಿ ತಿದ್ದಿದ ಅದೇ ಕುದುರೆಯ ಮುಖ. ಅದರ ಕೆಳಗೆ ಬರೆದಿತ್ತು: ಅತ್ತೆ.

ಅತ್ತೆ ಕುರ್ಚಿಯನ್ನು ಅಳಿಯನ ಕಡೆಗೆ ತಿರುಗಿಸಿದರು.

"ಹೋಲುತ್ತೆ ಅಂತೀರಾ?" ಅತ್ತೆ ಕೇಳಿದರು.

"ಅಯ್ಯೋ, ಹಂಗಲ್ಲ ಅತ್ತೆ! ಆವತ್ತು ನೀವು ಮೇಲಿಂದ ಕಾಫಿ ಆರ್ತಿದೆ, ಕಾಫಿ ಆರ್ತಿದೆ ಅಂತ ಒಂದೇ ಸಮನೆ ಕೂಗ್ತಾ ಇದ್ರಿ. ಇದು ಹೆಸರು ಕೇಳ್ತು. ಕೈಗೆ ಬಂದಿದ್ದು ಬಡಿದೆ."

"ಸರಿ. ಹಿಂದಿನ ಅರ್ಧಕ್ಕೆ ಏನು ಕೈಗೆ ಬಂದಿತ್ತು?"

ಮೇಸ್ತ್ರಿಗೆ ಥಟ್ಟನೆ ನೆನಪಾಯಿತು. ಮೌಸಿನ ಮೇಲೆ ಕೈ ಹಾಕಲು ಹೋದ, ತಡವಾಗಿತ್ತು. ಅತ್ತೆ ಕೆಳಗಿನ ಸಾಲಿಗೆ ಇಳಿದಿದ್ದರು. ಬಾಲ, ಪೃಷ್ಠ, ಹಿಂಗಾಲು. ಅದರ ಕೆಳಗೆ: ಬಾಮೈದ.

ಅತ್ತೆ ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಮೇಸ್ತ್ರಿಯ ಜೀವ ಬಾಯಿಗೆ ಬಂತು. ಆಮೇಲೆ ಗೊತ್ತಾಯಿತು, ನಗುತ್ತಿದ್ದರು, ಸದ್ದಿಲ್ಲದೆ, ಉಸಿರು ಸಿಗದಷ್ಟು.

"ಮುಖ ನಾನು, ಹಿಂಭಾಗ ನನ್ನ ಮಗ. ಹೋಗ್ಲಿ ಬಿಡಿ, ಕುದುರೆ ಮನೆಯೊಳಗೇ ಉಳೀತು. ಈಗ ಅವನು ಬರೋ ಮುಂಚೆ ಹೆಸರು ತಿದ್ದಿ, ಮುಖ ಕತ್ತರಿಸಿ."

ಸಂಜೆ ಬಾಮೈದ ಬಂದಾಗ ಮುಖ ಮೇಜಿನ ಮೇಲೆ ಬಿಸಿಬಿಸಿಯಾಗಿ ಮಲಗಿತ್ತು. ಎರಡು ಕದ ಜೋಡಿಸಿದರೆ ಬೆನ್ನಿನ ಗೆರೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. "ಎಲ್ಲಿತ್ತು ಭಾವ?" ಅಂತ ಅವನು ಕೇಳಿದ. "ಅಲ್ಲೇ ಇತ್ತು," ಅಂದ ಮೇಸ್ತ್ರಿ. ಆಪರೇಟರು ಬರುವುದು ಬೇಡವಾಯಿತು. ಡಾಕ್ಟರಮ್ಮ ಮುಖ ಸವರಿ ನೋಡಿ, ಹಲ್ಲು ಮಾತ್ರ ನೋಡಲಾಗಲಿಲ್ಲ ಅಂತ ನಗುತ್ತ ಗೇಟು ಲಾರಿಗೆ ಏರಿಸಿಕೊಂಡು ಹೋದರು.

ಟೇಪಿನ ಚೂರುಗಳನ್ನು ಮೇಸ್ತ್ರಿ ಕಿತ್ತು ಹಾಕಿದ. ಚಿತ್ರ ಹುಡುಕಿ ಒತ್ತುವುದನ್ನು ಕಲಿತ, ದಿನಕ್ಕೊಮ್ಮೆ ಬೈಯುತ್ತಲೇ ಕಲಿತ. ಗುಂಡಿಗಳು ನಡೆಯುವುದೂ ನಿಜ ಅಂತ ಬಾಮೈದನ ಕಣ್ಣೆದುರೇ ಸಾಬೀತಾಯಿತು. ಕಿಟಕಿ ಹೆಚ್ಚು ತೆರೆದಷ್ಟೂ ಅವು ಜಾಗ ಮಾಡಿಕೊಡಲು ಸರಿಯುತ್ತವಂತೆ. ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಅತ್ತೆ, "ಅಳಿಯಂದ್ರೇ, ಇದನ್ನ ಎಡಮೂಲೆಗೆ ವಾಪಸ್ ಕಳಿಸೋಕೆ ಒಳಗೆ ದಾರಿ ಇದೆ ನೋಡಿ," ಅಂತ ಕಳಿಸಿಯೂ ಕೊಟ್ಟರು. ಮೇಸ್ತ್ರಿ ಗೆದ್ದವನಂತೆ ಕೂತು ಒತ್ತಿದ. ಅಷ್ಟು ಹೊತ್ತಿಗೆ ಹಾಳು ಕೈಗೆ ನಡುವೆಯೇ ಅಭ್ಯಾಸವಾಗಿಬಿಟ್ಟಿತ್ತು.

ಮೀಸೆ ಮಾತ್ರ ಇದ್ದಲ್ಲೇ ಇದೆ. ಆವತ್ತು ಮುಖ ಕತ್ತರಿಸುತ್ತಿದ್ದಾಗಲೇ ಅವನು ನಾಚಿಕೆ ಬಿಟ್ಟು ಕೇಳಿದ್ದ, "ಅತ್ತೆ, ಆ ಮೀಸೆ ಮಾತು..."

"ಇರ್ಲಿ, ನಿಮ್ಮ ಮುಖಕ್ಕೆ ಅದೊಂದೇ ಆಸರೆ. ಬಾಕಿ ಇಟ್ಕೊಳ್ಳೋಣ."

ಈಗ ಮಧ್ಯಾಹ್ನ ಅತ್ತೆ ಎಲ್ಲರೆದುರಿಗೇ ಕುರ್ಚಿಯಲ್ಲಿ ಕೂತು ಇಸ್ಪೀಟು ಆಡುತ್ತಾರೆ, ಅಳಿಯ ಬೆಂಚಿಗೆ ಹೋಗುತ್ತಾನೆ. ಇದರಲ್ಲೇ ಮೀಸೆಯ ಸಾಲ ತೀರಿತಲ್ಲ ಅಂತ ಒಮ್ಮೆ ಅಂದು ನೋಡಿದ. "ಇದು ಬಡ್ಡಿ ಅಳಿಯಂದ್ರೇ," ಅಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. ಅವನು ಯಾರ ಮೇಲಾದರೂ ಹಾರಾಡುವಾಗ ಮೆಟ್ಟಿಲ ಮೇಲೆ ನಿಂತು, ಮೂಗಿನ ಕೆಳಗೆ ಎರಡು ಬೆರಳು ಹೀಗೆ ಆಡಿಸುತ್ತಾರೆ, ಅಷ್ಟೇ. ಕಿಡಿ ಆರುತ್ತದೆ. ಮೀಸೆ ಈಗ ಪೂರ್ತಿ ಬೆಳ್ಳಗಾಗಿದೆ, ಅಸಲು ಹಾಗೇ ಇದೆ.