ಸ್ಟುಡಿಯೋ ಚಾಚಾನ ಬಣ್ಣದ ನೀರು

ಸ್ಟುಡಿಯೋ ಚಾಚಾ ಅವರ ಉಗುರು ನೋಡಿದರೆ ಸಾಕು, ಆ ವಾರ ಕಂಪ್ಯೂಟರಿನೊಳಗೆ ಯಾವ ಬಣ್ಣದ ನೀರು ಹರಿಯುತ್ತಿದೆ ಎಂದು ಹೇಳಬಹುದಿತ್ತು. ಒಮ್ಮೆ ಹಸಿರು, ಒಮ್ಮೆ ಕಡು ನೀಲಿ, ಇನ್ನೊಮ್ಮೆ ಎಲೆ ಅಡಿಕೆ ಹಾಕಿ ಕೈ ಒರೆಸಿಕೊಂಡವರ ಹಾಗೆ ಕೆಂಪು. ಫೋಟೊ ತೊಳೆಯುವ ಔಷಧದಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಮೊದಲೇ ಕಂದಾಗಿದ್ದವು. ಆ ಬೆರಳುಗಳಲ್ಲಿ ಚಹಾದ ಕಪ್ ಹಿಡಿದು ಮುಂದೆ ಚಾಚುವಾಗ ಕಿರುಬೆರಳು ಮಾತ್ರ ಬೇರೆಯಾಗಿ ನಿಂತಿರುತ್ತಿತ್ತು.

ಆಳಂದದ ಆಸ್ಪತ್ರೆಗೆ ನಾನು ನರ್ಸ್ ಆಗಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮೂವತ್ತು ದಾಟಿತ್ತು, ಗಂಡನನ್ನು ಬಿಟ್ಟು ಬಂದಿದ್ದೆ. ಚಾಚಾ ಅವರ ಸ್ಟುಡಿಯೋ ಎದುರಿನ ಮಾಳಿಗೆ ಮೇಲೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಮನೆಯೊಡತಿ, ಹಾಲಿನವನು, ರೊಟ್ಟಿ ಬಡಿದು ಕೊಡುವಾಕೆ, ಯಾರು ಸಿಕ್ಕರೂ "ಮನಿಯವರು ಎಲ್ಲಿರ್ತಾರ್ರಿ?" ಎಂದೇ ಮಾತು ಶುರು ಮಾಡುತ್ತಿದ್ದರು. ನನಗೆ ಯಾರೊಂದಿಗೂ ಮಾತೇ ಬೇಡವಾಗಿತ್ತು. ಡ್ಯೂಟಿ ಮುಗಿಸಿ ಬಂದು ಕಿಟಕಿ ಹಾಕಿಕೊಂಡು ಕೂತರೆ ಅಳು ಬರುತ್ತಿತ್ತು ಅಷ್ಟೇ.

ಒಂದು ಮಧ್ಯಾಹ್ನ ಬಿಸಿಲಿಗೆ ತಲೆ ಮೇಲೆ ಸೆರಗು ಹೊದ್ದು ಬರುತ್ತಿದ್ದಾಗ ಸ್ಟುಡಿಯೋ ಬಾಗಿಲಿನಿಂದ ಕೂಗು ಬಂತು. "ಸಿಸ್ಟರ್‍ರ, ಒಂದೀಟು ಬರ್ರಿ ಇಲ್ಲಿ. ಒಂದು ಮಾತು ಕೇಳೋದದ." ಮತ್ತದೇ ಪ್ರಶ್ನೆ ಎಂದು ಮುಖ ಗಂಟಿಕ್ಕಿಕೊಂಡೇ ಹೋದೆ. ಅವರು ಕೇಳಿದ್ದು ಇಷ್ಟೇ: "ಇದರಾಗ ಯಾವ ಬಣ್ಣ ಹಾಕಿದ್ರ ಛಂದ ಕಾಣ್ತದ್ರಿ?"

ಅವರು ತೋರಿಸಿದ್ದು ಸೊಲ್ಲಾಪುರದಿಂದ ತಂದ ಹಳೆಯ ಕಂಪ್ಯೂಟರು. ನಮ್ಮ ಕಡೆಯ ಬೇಸಿಗೆಗೆ ಅದು ಕಾದು, ಫೋಟೊ ಅರ್ಧ ಮೂಡುವಷ್ಟರಲ್ಲಿ ನಿಂತುಬಿಡುತ್ತಿತ್ತಂತೆ. ಎ.ಸಿ. ಹಾಕಿಸಿ ಎಂದನಂತೆ ರಿಪೇರಿಯವನು. ಅಂಗಡಿಗೆ ಗಿರಾಕಿಯೇ ಇಲ್ಲ, ಎ.ಸಿ. ಎಲ್ಲಿಂದ ಬರಬೇಕು? ಲಾರಿ ಇಂಜಿನ್ನನ್ನು ನೀರು ತಣ್ಣಗಿಡುವುದಾದರೆ ಇದನ್ನು ಯಾಕಿಡಬಾರದು ಎಂದು ಚಾಚಾ ಹಟಕ್ಕೆ ಬಿದ್ದಿದ್ದರು. ರೇಡಿಯೇಟರ್ ರಿಪೇರಿಯವನಿಂದ ಬೆಂಕಿಪೊಟ್ಟಣದಷ್ಟು ತಾಮ್ರದ ಡಬ್ಬಿ ಬೆಸೆಯಿಸಿ, ಕಾಯುವ ಜಾಗಕ್ಕೆ ಕೂರಿಸಿದ್ದರು. ಗೌಂಡಿಗಳು ಮಟ್ಟ ನೋಡುವ ಬಿಳಿ ಪೈಪು, ಮೀನಿನ ತೊಟ್ಟಿಯ ಪಂಪು, ಹೊರಗೆ ಒಂದು ಸಣ್ಣ ರೇಡಿಯೇಟರು. ಪೆಟ್ಟಿಗೆಯ ಒಂದು ಬದಿಯ ತಗಡು ತೆಗೆದು ಫೋಟೊದ ಗಾಜು ಹಾಕಿ, ಸುತ್ತ ಬಂಗಾರ ಬಣ್ಣದ ಚೌಕಟ್ಟನ್ನೂ ಹೊಡೆದಿದ್ದರು. ಗಾಜು ರಸ್ತೆಯ ಕಡೆಗೆ ಮುಖ ಮಾಡಿತ್ತು. ಹರಿಯುವ ನೀರಿಗೆ ಬಣ್ಣವೊಂದೇ ಬಾಕಿ.

"ಖಾಲಿ ನೀರಿದ್ರೂ ತಣ್ಣಗಾಗ್ತದಲ್ಲ ಚಾಚಾ?" ಎಂದೆ.

"ಆಗ್ತದ್ರಿ. ಆದ್ರ ಖಾಲಿ ನೀರು ನೋಡಾಕ ಯಾರು ನಿಂದರ್ತಾರ? ಕುಂದರ್ರಿ, ಚಾ ತರಸ್ತೇನಿ."

ಆ ಮನುಷ್ಯನ ಕಸಬೇ ಅದಾಗಿತ್ತು. ಕಪ್ಪು ಬಿಳುಪಿನ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಮದುವೆ ಫೋಟೊಗಳಿಗೆ ಸಣ್ಣ ಕುಂಚದಿಂದ ಬಣ್ಣ ತುಂಬುತ್ತಿದ್ದವರು ಅವರೇ. ಫೋಟೊದಲ್ಲಿ ಸೀರೆಯ ಬಣ್ಣ ಕಾಣುವುದಿಲ್ಲವಲ್ಲ, ಹಾಗಾಗಿ ಕೇಳಲೇಬೇಕು. ಸೀರೆ ಯಾವ ಬಣ್ಣ, ಅಂಚು ಯಾವುದು, ಮದುಮಗನ ತಲೆಯ ಪಟಗ ಯಾವುದು? ಮದುಮಗಳ ತಾಯಿ ಹಸಿರು ಎಂದರೆ ಸೋದರತ್ತೆ ಗಿಳಿಹಸಿರು ಎನ್ನುವಳು, ಜಗಳ ಹತ್ತುವುದು, ಚಹಾ ಬರುವುದು, ಸಂಜೆಯಾಗುವುದು. ಕಲರ್ ಫಿಲ್ಮ್ ಬಂದ ಮೇಲೆ ಯಾರನ್ನೂ ಏನೂ ಕೇಳುವ ಅಗತ್ಯವೇ ಉಳಿಯಲಿಲ್ಲ. ಬಸ್ ನಿಲ್ದಾಣದ ಹತ್ತಿರ ಹೊಸ ಸ್ಟುಡಿಯೋ ಆಯಿತು, ಗಿರಾಕಿಗಳು ಅತ್ತ ಹೋದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

ಬಣ್ಣದ ವಿಷಯ ಓಣಿಗೆಲ್ಲ ಹಬ್ಬಿತು. ಧೋತರಕ್ಕೆ ಹಾಕುವ ನೀಲಿ ಹಾಕಿ ಎಂದರು ಒಬ್ಬರು. ಅದು ತಳಕ್ಕಿಳಿದು ಕೂತಿತು. ಖಜೂರಿ ಊರಿನ ಲಾರಿ ಡ್ರೈವರ್ ಇಂಜಿನ್ನಿಗೆ ಹಾಕುವ ಹಸಿರು ನೀರು ತಂದುಕೊಟ್ಟ. ಪೈಪಿನೊಳಗೆ ಹಾವು ಹರಿದಂತೆ ಕಾಣುತ್ತದೆ ಎಂದು ಹೆಂಗಸರು ಒಪ್ಪಲಿಲ್ಲ. ಪಕ್ಕದ ಶರಬತ್ತಿನ ಅಂಗಡಿಯವರದು ಬೇರೆಯೇ ವಾದ. ತಮ್ಮ ಗುಲಾಬಿ ಶರಬತ್ತಿನ ಕೆಂಪಿಗೆ ಸಾಟಿಯಿಲ್ಲ ಎಂದು ಸೀಸೆಯನ್ನೇ ತಂದು ಸುರಿದರು. ನಿಜಕ್ಕೂ ಅಂಥ ಕೆಂಪು ನಾನು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಗೋಡೆಯಿಂದ ಕಂಪ್ಯೂಟರಿನವರೆಗೆ ಇರುವೆ ಸಾಲು! ಪಂಪು ಅಂಟಿಕೊಂಡು ನಿಂತಿತ್ತು. ಚಾಚಾ ಸಿಟ್ಟಾಗಲಿಲ್ಲ. "ಇರಬಿಗೋಳಾದ್ರೂ ಬಂದ್ವಲ್ಲ, ಬಿಡ್ರಿ" ಎಂದು ನಕ್ಕರು. ನಾವೂ ನಕ್ಕೆವು. ಆ ಮಾತಿನ ಅರ್ಥ ನನಗೆ ತಿಳಿದದ್ದು ಆಮೇಲೆ.

ಕೊನೆಗೆ ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧವನ್ನು ನಾನು ಮೆಡಿಕಲ್ಲಿನಿಂದ ಕೊಂಡು ತಂದೆ. ನಾಲ್ಕು ಹನಿ ಸಾಕಾಯಿತು. ಒಳಗೆ ಬಲ್ಬು ಹಚ್ಚಿದಾಗ ನೇರಳೆ ಬೆಳಕು ರಸ್ತೆಗೆ ಚೆಲ್ಲಿತು. ನೋಡಿದವರೆಲ್ಲ ಇದೇ ಇರಲಿ ಎಂದರು. ಗೆದ್ದೆ ಎಂದು ಬೀಗುತ್ತ ಕೋಣೆಗೆ ಬಂದೆ.

ಆ ವಾರ ನನಗೆ ರಾತ್ರಿ ಡ್ಯೂಟಿ. ಹಗಲೆಲ್ಲ ನಿದ್ದೆ. ವಾರ ಕಳೆದ ಮೇಲೆ ಸ್ಟುಡಿಯೋಗೆ ಹೋದರೆ ಚಾಚಾ ನೇರಳೆ ನೀರನ್ನು ಬಕೆಟ್ಟಿಗೆ ಬಸಿಯುತ್ತಿದ್ದರು. ನನಗೆ ರೇಗಿತು.

"ಅಷ್ಟು ಛಂದ ಇತ್ತು, ಯಾಕ ತೆಗೀತೀರಿ?"

"ಛಂದ ಇತ್ತು, ಹೌದ್ರಿ," ಎಂದರು. ಪೈಪಿನ ತುದಿ ಬಿಡಲಿಲ್ಲ, ಮುಖ ಎತ್ತಲಿಲ್ಲ. "ಎಲ್ಲಾರೂ ಒಪ್ಪಿದ್ರು. ಒಪ್ಪಿದ ಮ್ಯಾಲ ಕೇಳೋದೇನು ಉಳೀತ್ರಿ? ಯಾರೂ ಬರ್‍ಲಿಲ್ಲ."

ಆ ಕಂಪ್ಯೂಟರಿನಲ್ಲಿ ಅವರು ಫೋಟೊ ಕೆಲಸ ಮಾಡಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಕಿಟಕಿ ಹಾಕಿಕೊಂಡು ಕೂರುತ್ತಿದ್ದ ನನಗೂ ಅವರಿಗೂ ಏನು ವ್ಯತ್ಯಾಸ? ಅವರು ಕಿಟಕಿ ತೆರೆದು ಅದಕ್ಕೊಂದು ಬಣ್ಣದ ಗಾಜು ಹಾಕಿದ್ದರು, ಅಷ್ಟೇ.

"ನೇರಳೆ ಕತ್ತಲಾತು ಚಾಚಾ," ಎಂದೆ. "ಅರಿಷಿಣ ಹಾಕಿ ನೋಡೋಣೇನು?"

ಅವರು ತಲೆ ಎತ್ತಿದರು. ನಾನು ಕಂಡುಕೊಂಡದ್ದು ಅವರಿಗೂ ತಿಳಿಯಿತು ಎಂದು ಕಾಣುತ್ತದೆ. "ಕುಂದರ್ರಿ," ಎಂದರು, "ಚಾ ತರಸ್ತೇನಿ."

ಆಮೇಲೆ ನಾನು ಆಳಂದದಲ್ಲಿ ಇರುವವರೆಗೂ ಆ ಬಣ್ಣ ಯಾವುದೆಂದು ತೀರ್ಮಾನವಾಗಲಿಲ್ಲ. ಒಬ್ಬರು ಒಪ್ಪಿದರೆ ನಾನು ತಕರಾರು ತೆಗೆಯುತ್ತಿದ್ದೆ, ನಾನು ಒಪ್ಪಿದರೆ ಶರಬತ್ತಿನವರು. ಸಂಜೆಗಳು ತುಂಬಿದವು. ಗಂಡನ ಮನೆ ಬಿಟ್ಟ ಕಥೆಯನ್ನು ನಾನಾಗಿಯೇ ಹೇಳಿದ್ದು ಅಲ್ಲೇ, ಅವರು ಕೇಳದೆ ಇದ್ದದ್ದಕ್ಕೇ. ಎಲ್ಲ ಕೇಳಿಸಿಕೊಂಡು, "ಬಿಟ್ಟು ಬರೂ ದಿನ ಸೀರಿ ಯಾವ ಬಣ್ಣದ್ದಿತ್ತು?" ಎಂದರು. ಬೂದಿ ಬಣ್ಣ ಎಂದೆ. "ಇನ್ನ ಅದನ್ನ ಉಡಬ್ಯಾಡ್ರಿ" ಎಂದರು. ನಾನು ಉಡಲಿಲ್ಲ.

ನನಗೆ ಜೇವರ್ಗಿಗೆ ವರ್ಗವಾಯಿತು. ಬರುತ್ತೇನೆ ಎಂದಿದ್ದೆ, ಬರುವುದು ಹಾಗೇ ಉಳಿಯಿತು. ಚಾಚಾ ತೀರಿಕೊಂಡ ಸುದ್ದಿ ತಿಳಿದು ಹೋದಾಗ ಮಣ್ಣಾಗಿ ವಾರ ಕಳೆದಿತ್ತು. ಶರಬತ್ತಿನವರು ಬೀಗ ತೆಗೆದು ತೋರಿಸಿದರು. ಚೌಕಟ್ಟಿನ ಗಾಜಿನ ಹಿಂದೆ ಪೈಪಿನಲ್ಲಿ ಬಣ್ಣವಿಲ್ಲದ ನೀರು ನಿಂತಿತ್ತು.

"ನೀವು ಹೋದ ಮ್ಯಾಲ ಬಣ್ಣ ಹಾಕಲಿಲ್ರಿ," ಎಂದರು ಅವರು. "ನಾ ಎಷ್ಟ್ ಹೇಳಿದ್ರೂ, ಸಿಸ್ಟರ್ ಬಂದು ಹೇಳ್ಲಿ ಅಂತಿದ್ರು."

ಇಬ್ಬರೂ ಬೆಂಚಿನ ಮೇಲೆ ಕೂತೆವು. ಶರಬತ್ತಿನ ಅಂಗಡಿಯಲ್ಲೂ ಈಗ ಯಾರೂ ಇರಲಿಲ್ಲ. ಅವರು ಕಣ್ಣೊರೆಸಿಕೊಂಡು, "ಹೇಳ್ರಿ ಮತ್ತ, ಯಾವ್ದು ಹಾಕೋಣು?" ಎಂದು ಕೇಳಿದರು.

ನೇರಳೆ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ಹಂಗ ಒಮ್ಮಿಗೇ ಹೇಳಾಕ ಆಗೂದಿಲ್ರಿ," ಎಂದೆ. "ಮುಂದಿನ ಐತವಾರ ಬರ್ತೇನಿ. ಕುಂತು ನೋಡೋಣ."